ಕಿವಿ ಕೇಳದ ಮಗುವನ್ನು ಮಂಗಳೂರಿನ ಶಾಲೆಗೆ ಸೇರಿಸುವವರಿಗೆ

ಘಟ್ಟದ ಮೇಲಿನಿಂದ ನಾವು ಮಂಗಳೂರಿಗೆ ಬಂದದ್ದು ಜೂನ್ ಮೊದಲ ವಾರ. ಮಗಳಿಗೆ ಆಗ ಎಂಟು ವರ್ಷ, ಎರಡೂ ಕಿವಿಗೆ ಮಿಷನ್. ಎಲ್ಲ ಮಕ್ಕಳ ಜೊತೆ ಓದಲಿ ಅಂತ ಮಾಮೂಲಿ ಶಾಲೆಗೇ ಸೇರಿಸಿದೆವು. ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅಷ್ಟು ಸಾಕು ಅಂದುಕೊಂಡೆವು.

ಸಾಕಾಗಲಿಲ್ಲ. ಟೀಚರ್ ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಪಾಠ ಹೇಳುತ್ತಿದ್ದರು, ತುಟಿ ಕಾಣುತ್ತಿರಲಿಲ್ಲ. ಮೇಲೆ ಶೀಟಿನ ಮಾಡು. ಇಲ್ಲಿಯ ಮಳೆ ಅದರ ಮೇಲೆ ಬಿದ್ದರೆ ಮಿಷನ್ನಿಗೆ ಬರೀ ಮಳೆ ಕೇಳುತ್ತದೆ. ಆದರೂ "ಅರ್ಥ ಆಯ್ತಾ?" ಅಂದರೆ ಮಗಳು ತಲೆಯಾಡಿಸುತ್ತಿದ್ದಳು. ನೋಟ್ಸ್ ಅಚ್ಚುಕಟ್ಟು. ಮೂರು ತಿಂಗಳು ನಾನು ಖುಷಿಯಲ್ಲೇ ಇದ್ದೆ. ಒಂದು ದಿನ ಪಕ್ಕದ ಹುಡುಗಿಯ ಪುಸ್ತಕ ಮನೆಗೆ ಬಂತು. ಅವಳು ತಪ್ಪಾಯಿತೆಂದು ಗೀಟು ಹೊಡೆದ ಲೆಕ್ಕವನ್ನು ನನ್ನ ಮಗಳೂ ಬರೆದು, ಹಾಗೇ ಗೀಟು ಹೊಡೆದಿದ್ದಳು.

"ಅರ್ಥ ಆಯ್ತಾ" ಅಂತ ಕೇಳಬೇಡಿ. "ಟೀಚರ್ ಏನು ಹೇಳಿದರು?" ಅಂತ ಕೇಳಿ. ಟೀಚರಿಗೂ ಇದನ್ನು ಹೇಳಿ. ಮೇಷ್ಟ್ರ ಎದುರು ಸುಮ್ನೆ ಕೈಕಟ್ಟಿ ನಿಲ್ಲುವುದು ನಮ್ಮ ರೂಢಿ ಅಲ್ವಾ, ಅದನ್ನು ಬಿಡಲೇಬೇಕು.

ಮಿಷನ್ ಚೆನ್ನಾಗಿ ಕೇಳಿಸುವುದು ಒಂದೆರಡು ಮೀಟರ್ ಒಳಗೆ. ಆಚೆಗೆ ಮಾತು, ಗದ್ದಲ ಎರಡೂ ಕಲಸಿ ಬರುತ್ತವೆ. ಟೀಚರ್ ಕೊರಳಿಗೆ ಹಾಕಿಕೊಳ್ಳುವ ವೈರ್‌ಲೆಸ್ ಮೈಕ್ ಇದ್ದರೆ ದನಿ ನೇರ ಮಿಷನ್ನಿಗೇ ಬರುತ್ತದೆ. ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಕೇಳಿಯೇ ಕೊಳ್ಳಿ, ಎಲ್ಲ ಮಿಷನ್ನಿಗೂ ಹೊಂದುವುದಿಲ್ಲ. ಮತ್ತೆ, ನಮ್ಮೂರಿನ ಒಣ ಹವೆ ಇಲ್ಲಿಲ್ಲ. ಬೆವರು, ತೇವ. ರಾತ್ರಿ ಬ್ಯಾಟರಿ ತೆಗೆದು, ಮಿಷನ್ನನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಅಕ್ಕಿಯಲ್ಲಿ ಹೂತಿಡಬೇಡಿ, ಹುಡಿ ಸೇರುತ್ತದೆ. ಮೊದಲ ಮಳೆಗಾಲದಲ್ಲೇ ನಮ್ಮದೊಂದು ಹಾಳಾಯಿತು.

ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡ ಮಾತನ್ನು ಅಕ್ಷರದಲ್ಲಿ ತೋರಿಸುತ್ತದೆ. ಟೀಚರ್ ನಡುವೆ ತುಳುವಿಗೆ ಜಾರಿದರೆ ಎಡವುತ್ತದೆ.

ಪಾಠವನ್ನು ಸನ್ನೆ ಭಾಷೆಯಲ್ಲಿ ಹೇಳುವ ಇಂಟರ್‌ಪ್ರಿಟರ್ ಸಿಗುವುದು ಕಷ್ಟ. ಸಿಕ್ಕರೆ ಬೋರ್ಡಿನ ಪಕ್ಕ ನಿಲ್ಲಲಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕಿಗೆ ಕೈ ಕಪ್ಪಾಗಿ ಕಾಣುತ್ತದೆ. ಪಾಠವನ್ನು ಹಿಂದಿನ ದಿನವೇ ಅವರ ಕೈಗೆ ಕೊಡಿ. ಕಲಿಸುವ ಹೊಣೆ ಟೀಚರದ್ದೇ, ಅವರದಲ್ಲ. "ಸನ್ನೆ ಕಲಿತರೆ ಮಾತು ಬರೋದಿಲ್ಲ" ಅನ್ನುವ ನೆಂಟರನ್ನು ನಂಬಬೇಡಿ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ವಿಡಿಯೊ ನಿಘಂಟು ತಂದಿದೆ. ಅಪ್ಪ, ಅಜ್ಜಿ, ಎಲ್ಲರೂ ಕಲಿಯಿರಿ. ಇಂಥ ಮಕ್ಕಳ ಅಪ್ಪ ಅಮ್ಮಂದಿರ ಸಂಘ ನಮ್ಮದು, ಅದರ ಅಮ್ಮಂದಿರು ಕಲಿತಿದ್ದೇವೆ, ರಾಜ್ಯೋತ್ಸವದ ನಾಟಕಕ್ಕೆ ವೇದಿಕೆಯಲ್ಲಿ ನಿಂತು ಸನ್ನೆ ಮಾಡಿದ್ದೇವೆ.

ಶಾಲೆಯವರು "ವಿಶೇಷ ಶಾಲೆಗೇ ಹೋಗಿ" ಅಂದರೆ ವಾಪಸ್ ಬರಬೇಡಿ. ನ್ಯೂನತೆ ಶೇ 40 ಅಥವಾ ಜಾಸ್ತಿ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆರಿಸುವವರು ನಾವು.

ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ): ಆಧಾರ್, ಫೋಟೊ, ವಿಳಾಸದ ದಾಖಲೆ, ಹಳೆಯ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ).
ತಪಾಸಣೆ: ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ.
ಶಾಲೆಗೆ ನೆರವು: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಬಿಐಇಆರ್‌ಟಿ ಟೀಚರನ್ನು, ಅಂದರೆ ಮಾಮೂಲಿ ಶಾಲೆಯಲ್ಲಿ ಓದುವ ಇಂಥ ಮಕ್ಕಳಿಗೆ ನೆರವಾಗುವ ಟೀಚರನ್ನು ಕೇಳಿ.

ಹೆಡ್‌ಮಾಸ್ಟರರನ್ನು ಮೊದಲ ಸಲ ನೋಡುವಾಗ ಒಬ್ಬರೇ ಹೋಗಬೇಡಿ, ನಮ್ಮಲ್ಲಿ ಒಬ್ಬರನ್ನು ಕರೆಯಿರಿ. ಬರುತ್ತೇವೆ.