ಎರಡನೇ ಕಣ್ಣಿಗೆ ಹತ್ತಿರದ ಲೆನ್ಸ್: ಒಬ್ಬ ಟೈಲರ್ ಅನುಭವ

ಮಂಡ್ಯದ ಪೇಟೆ ಬೀದಿ ಹತ್ತಿರ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಪೊರೆ ತೆಗೆದು ಬಲಗಣ್ಣೊಳಗೆ ದೂರ ಕಾಣುವ ಲೆನ್ಸ್, ಎಡಗಣ್ಣೊಳಗೆ ಹತ್ತಿರ ಕಾಣುವ ಲೆನ್ಸ್ ಹಾಕಿದ್ದಾರೆ. ಈಗ ಕನ್ನಡಕ ಇಲ್ಲದೆ ಕಟಿಂಗ್ ಮಾಡುತ್ತೇನೆ, ಮೆಷಿನ್ ಮುಂದೆ ಕೂರುತ್ತೇನೆ, ರಸ್ತೆ ಆಚೆ ನಿಂತ ಗಿರಾಕಿಯ ಮುಖವನ್ನೂ ಗುರುತಿಸುತ್ತೇನೆ. 'ಒಂದು ಕಣ್ಣಿಗೆ ದೂರ, ಒಂದಕ್ಕೆ ಹತ್ತಿರ ಹಾಕಿಸಿಕೊಂಡ್ರೆ ತಲೆ ಸುತ್ತುತ್ತೆ ಅಕ್ಕ, ಬೇಡ' ಎಂದವರೇ ಜಾಸ್ತಿ. ಎರಡು ವರ್ಷ ಆಯಿತು, ತಲೆ ಸುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಿಕ್ಕಂದಿನಿಂದ ಮೈನಸ್ ಎರಡರ ಕಣ್ಣು. ದೂರಕ್ಕೆ ಕನ್ನಡಕ, ಸೂಜಿಗೆ ಬರಿಗಣ್ಣು. ಐವತ್ತು ದಾಟಿದ ಮೇಲೂ ದಾರ ಪೋಣಿಸಲು ಯಾರನ್ನೂ ಕರೆದವಳಲ್ಲ. ಮೊದಲು ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ನನ್ನ ಕೆಲಸ ಏನು ಎಂದು ಯಾರೂ ಕೇಳಲಿಲ್ಲ. ಹೇಳಬೇಕು ಎಂದು ನನಗೂ ತೋಚಲಿಲ್ಲ. ಸಾಮಾನ್ಯವಾಗಿ ಎಲ್ಲರಿಗೂ ಹಾಕುವ ಹಾಗೆ ದೂರಕ್ಕೆ ಹೊಂದುವ ಲೆನ್ಸ್ ಹಾಕಿದರು. ಬಸ್ಸಿನ ಬೋರ್ಡು ಫಳಫಳ ಕಾಣಿಸಿತು. ಸೂಜಿ ಮಾತ್ರ ಮಂಜು.

ಎರಡು ಕಣ್ಣು ಬೇರೆ ಬೇರೆ ಆದವಲ್ಲ, ಸರಿಮಾಡಲು ಪ್ರೊಗ್ರೆಸಿವ್ ಕನ್ನಡಕ ಬರೆದುಕೊಟ್ಟರು, ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಪವರ್ ಬದಲಾಗುವಂಥದ್ದು. ಎಂಟೋ ಒಂಬತ್ತೋ ಸಾವಿರ. ತಲೆ ತಗ್ಗಿಸಿ ನೋಡಿದರೆ ಚಾಕ್ ಗೆರೆ ಎರಡಾಗಿ ಕಾಣುತ್ತಿತ್ತು. ಆ ತಿಂಗಳೇ ಒಂದು ಮೈಸೂರು ಸಿಲ್ಕ್ ಬ್ಲೌಸಿನ ಕಂಕುಳಲ್ಲಿ ಕತ್ತರಿ ಒಳಗೆ ಹೋಯಿತು. ಸೀರೆ ಜೊತೆ ಬಂದ ಪೀಸು, ಅದೇ ಬಣ್ಣ ಎಲ್ಲೂ ಸಿಗಲಿಲ್ಲ. ಗಿರಾಕಿಗೆ ಸಾವಿರದ ನಾನೂರು ಕೊಟ್ಟೆ. ದುಡ್ಡು ಹೋಗಿದ್ದಕ್ಕಿಂತ ಅವರು ಏನೂ ಬಯ್ಯದೆ ಹೋದದ್ದು ಜಾಸ್ತಿ ನೋವಾಯಿತು.

ಒಂದು ದಿನ ಕನ್ನಡಕ ಮನೆಯಲ್ಲೇ ಮರೆತು ಅಂಗಡಿಗೆ ಬಂದೆ. ಬೇರೆ ದಾರಿ ಇಲ್ಲದೆ ಹಾಗೇ ಕೂತೆ. ಮಧ್ಯಾಹ್ನದ ಹೊತ್ತಿಗೆ ಮೂರು ಬ್ಲೌಸ್ ಮುಗಿದಿತ್ತು! ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣು ರಸ್ತೆ ನೋಡುತ್ತಿತ್ತು, ಆಪರೇಷನ್ ಆಗದ ಎಡಗಣ್ಣು ಸೂಜಿ ನೋಡುತ್ತಿತ್ತು. ಅವೆರಡೂ ತಾವೇ ಕೆಲಸ ಹಂಚಿಕೊಂಡಿದ್ದವು. ಏಳು ತಿಂಗಳು ಹಾಗೇ ಹೊಲಿದೆ. ಮೊದಲ ವಾರ ಮೆಟ್ಟಿಲು ಇಳಿಯುವಾಗ ಅಂದಾಜು ತಪ್ಪುತ್ತಿತ್ತು, ಆಮೇಲೆ ಸರಿಯಾಯಿತು.

ಆ ಏಳು ತಿಂಗಳಲ್ಲಿ ನನಗೆ ಇನ್ನೊಂದು ಹುಚ್ಚು ಹಿಡಿಯಿತು. ದಾರದ ಡಬ್ಬಿ ಸುರಿದು ಒಂದೊಂದು ಕಣ್ಣಿಂದ ಬಣ್ಣ ಬೇರೆ ಮಾಡಿ ನೋಡಿದೆ. ಎಡಗಣ್ಣಿಗೆ ಬಿಳಿ ದಾರ ಟೀ ಬಿದ್ದ ಹಾಗೆ. ಬಲಗಣ್ಣಿಗೆ ಅದೇ ದಾರ ನೀಲಿ ಹಾಕಿ ಒಗೆದ ಪಂಚೆ ಹಾಗೆ. ಪೊರೆ ಬಂದ ಕಣ್ಣು ನೀಲಿಯನ್ನು ತಿಂದುಹಾಕುತ್ತದೆ. ಕಪ್ಪು ದಾರದ ಜೊತೆ ಐದಾರು ನೇವಿ ಬ್ಲೂ ರೀಲ್ ಸೇರಿಕೊಂಡಿದ್ದವು. ಎಷ್ಟು ಕಪ್ಪು ಬ್ಲೌಸಿಗೆ ನೇವಿಯಲ್ಲಿ ಹೆಮ್ಮಿಂಗ್ ಮಾಡಿದ್ದೆನೋ! ಪೊರೆ ಶುರುವಾಗಿದೆ ಎಂದು ಗೊತ್ತಿದ್ದವರು ಮ್ಯಾಚಿಂಗ್ ದಾರವನ್ನು ಬೇರೆಯವರಿಗೆ ಒಮ್ಮೆ ತೋರಿಸಿ.

ಎಡಗಣ್ಣಿನ ಪೊರೆ ಬಲಿಯಿತು. ಈ ಸಲ ಮೈಸೂರಿಗೆ ಹೋದೆ. ಅಲ್ಲಿ ಮೊದಲು ಮಲ್ಟಿಫೋಕಲ್ ಲೆನ್ಸ್ ಹೇಳಿದರು, ನಲವತ್ತೈದು ಸಾವಿರದ ಹತ್ತಿರ. ಅದು ಬೆಳಕನ್ನು ದೂರಕ್ಕೆ, ಹತ್ತಿರಕ್ಕೆ ಹಂಚುತ್ತದೆ. ಹಂಚಿದರೆ ಕಪ್ಪಿನ ಮೇಲಿನ ಕಪ್ಪು ಎದ್ದು ಕಾಣುವುದು ಕಡಿಮೆಯಾಗುತ್ತದೆ, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವವಳಿಗೆ ಅದು ಬೇಡ ಎಂದೆ. ಸಾದಾ ಲೆನ್ಸೇ ಕೊಡಿ, ಆದರೆ ಹತ್ತಿರಕ್ಕೆ ಲೆಕ್ಕ ಹಾಕಿ ಎಂದೆ. ಮೈದುನ ಅಲ್ಲೇ ಇದ್ದ. 'ಡಾಕ್ಟರಿಗೇ ಹೇಳಿಕೊಡ್ತೀರಾ ಅತ್ತಿಗೆ?' ಎಂದು ಮುಖ ಕೆಂಪು ಮಾಡಿಕೊಂಡ. ಡಾಕ್ಟರಮ್ಮ ಮಾತ್ರ 'ನಿಮ್ಮ ಸೂಜಿ ಎಷ್ಟು ದೂರದಲ್ಲಿದೆ?' ಎಂದು ಕೇಳಿದರು. ಆ ಪ್ರಶ್ನೆ ಕೇಳಿಸಿಕೊಂಡಾಗಲೇ ಅರ್ಧ ಕೆಲಸ ಆಯಿತು ಅನಿಸಿತು.

ಅಳತೆ ಮೊದಲೇ ಮಾಡಿಕೊಂಡು ಹೋಗಿದ್ದೆ. ಕಣ್ಣಿಂದ ಸೂಜಿಗೆ 16 ಇಂಚು, ಕಟಿಂಗ್ ಟೇಬಲ್ಲಿಗೆ 28. ಟೇಪಿನ ಹಿಂಬದಿ ನೋಡಿ 41 ಮತ್ತು 71 ಸೆಂಟಿಮೀಟರ್ ಎಂದೆ. ಲೆಕ್ಕ ಸುಲಭ. ನೂರನ್ನು ಕಣ್ಣಿನ ಮೈನಸ್ ಪವರಿಂದ ಭಾಗಿಸಿದರೆ ಎಷ್ಟು ಸೆಂಟಿಮೀಟರಿಗೆ ಸ್ಪಷ್ಟವೋ ಅದು ಬರುತ್ತದೆ. ನಡುವೆ ಹಿಡಿದು ಆಪರೇಷನ್ ಆದ ಮೇಲೆ ಕಣ್ಣು ಮೈನಸ್ 1.75ಕ್ಕೆ ನಿಲ್ಲಲಿ ಎಂದು ತೀರ್ಮಾನ ಮಾಡಿದೆವು, 57 ಸೆಂಟಿಮೀಟರ್. ಸ್ಕ್ಯಾನ್ ಮಾಡಿ ಲೆನ್ಸ್ ಆರಿಸಿದರು. ಬಂದದ್ದು 1.5ರ ಹತ್ತಿರ. ಇಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಮೊದಲೇ ಹೇಳಿದ್ದರು. ಲೆನ್ಸು, ಆಪರೇಷನ್ನು, ಡ್ರಾಪ್ಸು ಸೇರಿ ಇಪ್ಪತ್ತೆರಡು ಸಾವಿರ ಆಗಿರಬೇಕು.

ನಮ್ಮಜ್ಜಿಗೆ ಊರೂರಲ್ಲಿ ಕಣ್ಣಿನ ಕ್ಯಾಂಪ್ ಮಾಡುತ್ತಿದ್ದ ಎಂ.ಸಿ. ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು. ಆಗ ಲೆನ್ಸ್ ಇಲ್ಲ, ಸೋಡಾ ಗ್ಲಾಸಿನಂಥ ದಪ್ಪ ಕನ್ನಡಕ. ಲಂಡನ್ನಿನಲ್ಲಿ ಹ್ಯಾರಲ್ಡ್ ರಿಡ್ಲಿ ಎಂಬ ಕಣ್ಣಿನ ಡಾಕ್ಟರು ಮೊದಲ ಲೆನ್ಸ್ ಹಾಕಿದ್ದು 1949ರಲ್ಲೇ. ನಮ್ಮಂಥವರ ಕೈಗೆಟುಕಲು ಎಷ್ಟು ವರ್ಷ ಬೇಕಾಯಿತು ನೋಡಿ. 1992ರಲ್ಲಿ ಮದುರೈನ ಅರೋಲ್ಯಾಬ್ ಕಂಪನಿ ಈ ಲೆನ್ಸನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಮಾಡಲು ಶುರು ಮಾಡಿತು. ಅಜ್ಜಿ ಆ ಕನ್ನಡಕ ತೆಗೆದರೆ ಗೋಡೆ ಹಿಡಿದು ನಡೆಯುತ್ತಿದ್ದಳು.

ಕೊರತೆ ಇದೆ. ಕುಚ್ಚು ಕಟ್ಟಲು, ಸಣ್ಣ ಮಣಿ ಹಾಕಲು ಸಂಜೆ ಪ್ಲಸ್ ಒಂದರ ಕನ್ನಡಕ ಬೇಕು. ರಾತ್ರಿ ಸ್ಕೂಟಿಗೆ ಎಡಗಣ್ಣಿಗೆ ಮೈನಸ್ ಹಾಕಿದ ಇನ್ನೊಂದು ಜೊತೆ ಇದೆ, ಆರುನೂರು ರೂಪಾಯಿ. ಹಗಲಿಗೆ ಬೇಡ. ಬಲಗಣ್ಣು ಒಂದೂವರೆ ವರ್ಷಕ್ಕೆ ಮತ್ತೆ ಮಸುಕಾದಾಗ ಎದೆ ಒಡೆದಿತ್ತು. ಲೆನ್ಸಿನ ಹಿಂದಿನ ತೆಳು ಪದರ ಮಂದವಾಗಿತ್ತಷ್ಟೆ, ಲೇಸರಿನಲ್ಲಿ ಐದು ನಿಮಿಷ.

ಕಪ್ಪು ಬಟ್ಟೆಗೆ ದೀಪ ಎಲ್ಲಿ ಇಡುತ್ತೇನೆ, ಸೂಜಿ ಕೆಳಗೆ ಏನು ಅಂಟಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅಂಗಡಿಯದು. ಹೋದ ಗೌರಿ ಹಬ್ಬಕ್ಕೆ ನಲವತ್ತಾರು ಬ್ಲೌಸ್ ಕೊಟ್ಟೆ, ಆಲ್ಟರೇಷನ್ನಿಗೆ ಎರಡೇ ವಾಪಸ್ ಬಂದವು.

ಎಲ್ಲರಿಗಿಂತ ಜೋರಾಗಿ ಬೇಡ ಎಂದಿದ್ದ ಪಕ್ಕದ ಬೀದಿಯ ಗೆಳತಿಗೂ ಈಗ ಪೊರೆ. ಹೋದ ವಾರ ಟೇಪು ಹಿಡಿದು ಅವಳ ಮೆಷಿನ್ ಹತ್ತಿರ ನಿಂತಿದ್ದೆ. ಅವಳು ಬಗ್ಗಿ ಕೂರುತ್ತಾಳೆ, ಸೂಜಿಗೆ 14 ಇಂಚೇ ಬಂತು.