ಮಂದಿಯ ಮನಸ್ಸಿಗೆ ಮೊಬೈಲ್ ಆಸರೆ: ಸಣ್ಣ ಘಟಕದವರು ಎಲ್ಲಿಂದ ಶುರು ಮಾಡಬೇಕು?

‘ತಲಿ ಕೆಟ್ಟೈತೇನಲೇ, ಧಾರವಾಡಕ್ಕ ಕಳಸಬೇಕೇನು?’ ನಮ್ಮ ಕಡೆ ಈ ಮಾತು ಕೇಳದೆ ದೊಡ್ಡವರಾದವರು ಕಡಿಮೆ. ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆ ಇರುವ ಊರಿನ ಹೆಸರನ್ನೇ ಹೀಯಾಳಿಕೆಗೆ ಬಳಸುತ್ತ ಬಂದಿದ್ದೇವೆ. ಹೀಗಿರುವಾಗ ತಿಂಗಳಿಂದ ನಿದ್ದೆಯಿಲ್ಲದ ಕೆಲಸಗಾರ ಆ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಲು ಹಿಂಜರಿಯುವುದು ಸಹಜ. ಮೊಬೈಲ್ ಉಪಯೋಗಕ್ಕೆ ಬರುವುದು ಇಲ್ಲೇ. ಯಾರ ಕಣ್ಣಿಗೂ ಬೀಳದೆ ಕಷ್ಟ ಹೇಳಿಕೊಳ್ಳಬಹುದು. ಆ ಮರೆ ಇಲ್ಲದಿದ್ದರೆ ಎಷ್ಟು ದುಬಾರಿ ಆ್ಯಪ್ ತಂದರೂ ಯಾರೂ ಬಾಯಿ ಬಿಡುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ ಅಥವಾ ತಾರಿಹಾಳದ ಇಪ್ಪತ್ತು–ಐವತ್ತು ಮಂದಿಯ ಘಟಕ, ಗದಗಿನ ಪ್ರಿಂಟಿಂಗ್ ಪ್ರೆಸ್, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್, ಹೀಗೆ ಎಚ್‌ಆರ್ ವಿಭಾಗವೇ ಇಲ್ಲದ ಕಡೆ ಮಾಲೀಕರೇ ಮಾಡಬಹುದಾದದ್ದು ಇಲ್ಲಿದೆ. ಬಹುಪಾಲಿಗೆ ದುಡ್ಡು ಬೇಕಿಲ್ಲ.

1. ರಾತ್ರಿಯ ಮೆಸೇಜ್ ನಿಲ್ಲಿಸಿ

ಹೊಸದೇನನ್ನೂ ತರುವ ಮುಂಚೆ ಈಗಿರುವ ವಾಟ್ಸ್‌ಆ್ಯಪ್ ಗ್ರೂಪ್ ನೋಡಿ. ರಾತ್ರಿ ಹತ್ತೂವರೆಗೆ ‘ನಾಳೆ ಬಂದ ಕೂಡಲೇ ನನ್ನ ಭೇಟಿಯಾಗು’ ಎಂದು ಒಂದು ಸಾಲು ಹಾಕಿದರೆ ಆ ಮನುಷ್ಯನ ನಿದ್ದೆ ಹೋಯಿತು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಗ್ರೂಪಿನಲ್ಲಿ ಕೆಲಸದ ಮಾತಿಲ್ಲ ಎಂದು ತೀರ್ಮಾನಿಸಿ. ಈ ನಿಯಮವನ್ನು ಮೊದಲು ಪಾಲಿಸಬೇಕಾದವರು ಮಾಲೀಕರೇ. ಮರೆತುಹೋಗುವ ಭಯವಿದ್ದರೆ ಜಿಮೇಲ್‌ನಲ್ಲಿ ಬರೆದು ಬೆಳಿಗ್ಗೆ ಹೋಗುವಂತೆ ಶೆಡ್ಯೂಲ್ ಮಾಡಿ. ಮಷಿನ್ ನಿಂತಂಥ ತುರ್ತು ಇದ್ದರೆ ಯಾರಿಗೆ ಸಂಬಂಧವೋ ಅವರಿಗಷ್ಟೇ ಫೋನ್ ಹಚ್ಚಿ.

ಮುಂದಿನ ವಾರದ ಪಾಳಿ ಪಟ್ಟಿಯನ್ನು ಶನಿವಾರದೊಳಗೆ ಗೂಗಲ್ ಶೀಟ್‌ನಲ್ಲಿ ಹಾಕಿಬಿಡಿ. ನಾಳೆ ಯಾವ ಶಿಫ್ಟ್ ಎಂದು ತಿಳಿಯದವನಿಗೆ ಮಗುವಿನ ಶಾಲೆ, ತಾಯಿಯ ಔಷಧ, ಊರಿನ ಬಸ್ಸು ಎಲ್ಲವೂ ತೂಗಾಡುತ್ತಿರುತ್ತವೆ. ಧ್ಯಾನದ ಆ್ಯಪ್‌ಗೆ ಚಂದಾ ಕಟ್ಟುವುದಕ್ಕಿಂತ ಈ ಪಟ್ಟಿ ಹೆಚ್ಚು ನೆಮ್ಮದಿ ಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

2. ಹೆಸರಿಲ್ಲದೆ ಕೇಳಿ

ನಾನು ಕಂಡ ಒಂದು ಕಚೇರಿಯಲ್ಲಿ ‘ನಿಮಗೆ ಟೆನ್ಶನ್ ಇದೆಯೇ?’ ಎಂದು ವಾಟ್ಸ್‌ಆ್ಯಪ್ ಪೋಲ್ ಹಾಕಿದ್ದರು. ಯಾರು ಏನು ಒತ್ತಿದರೆಂದು ಹೆಸರು ಸಮೇತ ಕಾಣುತ್ತಿತ್ತು. ಎಲ್ಲರೂ ‘ಇಲ್ಲ’ ಒತ್ತಿದರು. ಅವರಲ್ಲಿ ಒಬ್ಬರು ಆಗಲೇ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

ಬದಲಿಗೆ ಗೂಗಲ್ ಫಾರ್ಮ್ ಬಳಸಿ. ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿ. ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನೂ ಆಫ್ ಮಾಡಿ, ಅದಿದ್ದರೆ ಲಾಗಿನ್ ಕೇಳುತ್ತದೆ, ಮಂದಿ ಹೆದರುತ್ತಾರೆ. ಇಪ್ಪತ್ತು ಮಂದಿಯ ಜಾಗದಲ್ಲಿ ವಯಸ್ಸು, ವಿಭಾಗ, ಗಂಡೋ ಹೆಣ್ಣೋ ಎಂದು ಕೇಳಿದರೆ ಹೆಸರು ಕೇಳಿದಂತೆಯೇ. ಉತ್ತರ ಬಂದ ಸಮಯವೂ ಶೀಟ್‌ನಲ್ಲಿ ದಾಖಲಾಗುತ್ತದೆ. ಆದ್ದರಿಂದ ಫಾರ್ಮ್ ಮೂರು ನಾಲ್ಕು ದಿನ ತೆರೆದಿರಲಿ, ಮನೆಯಿಂದ ತುಂಬಲು ಹೇಳಿ. ಫಾರ್ಮ್ ಮಾಲೀಕರ ಖಾತೆಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು. ಹೊರಗಿನ ಆಪ್ತಸಮಾಲೋಚಕರನ್ನೋ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದವರನ್ನೋ ಕೇಳಿ ನೋಡಬಹುದು.

ಏನು ಕೇಳುವುದು? ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಎಂಬ ಐದು ಪ್ರಶ್ನೆ ಸಾಕು. ಕಳೆದ 2 ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಎದ್ದಾಗ ದಣಿವು ಆರಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳಿದ್ದವೇ ಎಂದು. ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಮೊತ್ತವನ್ನು 4ರಿಂದ ಗುಣಿಸಿ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮನಸ್ಸು ಬಳಲಿರಬಹುದು ಎಂಬ ಸೂಚನೆಯಷ್ಟೇ, ರೋಗವೆಂದಲ್ಲ.

ಇಂಟರ್ನೆಟ್‌ನಲ್ಲಿ ಸಿಗುವ, ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯನ್ನು ಮಾತ್ರ ಹೀಗೆ ಹಂಚಬೇಡಿ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹೆಸರಿಲ್ಲದ ಫಾರ್ಮಿನಲ್ಲಿ ಯಾರೋ ಅದಕ್ಕೆ ‘ಹೌದು’ ಎಂದರೆ, ನಿಮ್ಮಲ್ಲಿ ಒಬ್ಬರ ಜೀವ ಅಪಾಯದಲ್ಲಿದೆ ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ಅದು ವೈದ್ಯರು ಎದುರಿಗೆ ಕೂತು ಕೇಳಬೇಕಾದ ಪ್ರಶ್ನೆ.

3. 14416 ಒಂಟಿಯಾಗಿದ್ದಾಗ ಕಾಣಲಿ

14416 ಎಂಬುದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ. ಅದು ಶುರುವಾದದ್ದು 2022ರ ಅಕ್ಟೋಬರ್ 10ರಂದು. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಎಲ್ಲರೆದುರು ನಿಂತು ಯಾರು ಬರೆದುಕೊಳ್ಳುತ್ತಾರೆ? ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ, ಐಡಿ ಕಾರ್ಡಿನ ಹಿಂದೆ ಮುದ್ರಿಸಿ, ಮೊಬೈಲ್‌ಗೆ ಹೋಗುವ ಪಗಾರ ಚೀಟಿಯ ಕೊನೆಗೆ ಪ್ರತಿ ತಿಂಗಳೂ ಸೇರಿಸಿ. ಮನೆಯಲ್ಲಿ ಒಂದೇ ಫೋನ್ ಇರುವವರಿಗೆ ಕರೆ ಮಾಡಿದ ಗುರುತು ಉಳಿಯುವ ಚಿಂತೆ. ಅಂಥವರಿಗಾಗಿ ಕಚೇರಿಯ ಒಂದು ಹ್ಯಾಂಡ್‌ಸೆಟ್, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಖೋಲಿ, ಪಗಾರ ಹಿಡಿಯದ ಅರ್ಧ ತಾಸು ಕೊಡಿ. ಯಾರು ಹೋದರು ಎಂದು ಬರೆದಿಡಬೇಡಿ.

4. ಸೂಪರ್‌ವೈಸರ್‌ಗೆ ನಾಲ್ಕು ಮಾತು ಕಲಿಸಿ

‘ಮನಸಿಗೆ ಹಚ್ಚಿಕೋಬ್ಯಾಡೋ’ ಎನ್ನುವುದು ಪ್ರೀತಿಯ ಮಾತೇ, ಆದರೆ ಅಲ್ಲಿಗೆ ಮಾತು ಮುಗಿದುಬಿಡುತ್ತದೆ. ‘ಏನಾತು ಹೇಳಪಾ, ನಾ ಕೇಳಾಕತ್ತೀನಿ’ ಎಂದರೆ ಮುಂದುವರಿಯುತ್ತದೆ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬಾರದು, ಜೊತೆಗೇ ಕೂತು 14416ಕ್ಕೆ ಹಚ್ಚಬೇಕು. ಪ್ರಾಣಾಪಾಯವಿದ್ದರೆ ತುರ್ತು ಸಂಖ್ಯೆ 112ಕ್ಕೆ.

5. ಕಾವಲು ಬೇಡ

ದಿನಾ ‘ಇವತ್ತು ಮೂಡ್ ಹೇಗಿದೆ’ ಎಂದು ಒತ್ತಿಸಿ, ಅದನ್ನು ಹಾಜರಿಗೋ ಇನ್‌ಕ್ರಿಮೆಂಟಿಗೋ ಜೋಡಿಸುವ ಆ್ಯಪ್ ಮಾರುವವರು ಬಂದರೆ ಒಪ್ಪಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು ರೋಗಿಗೆ ಕೊಟ್ಟಿದೆ. ಅದೇ ಕಾಯ್ದೆಯ ಪ್ರಕಾರ ಆರೋಗ್ಯ ವಿಮೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ಸಿಗಬೇಕು. ಗ್ರೂಪ್ ಪಾಲಿಸಿ ಇದ್ದರೆ ಏಜೆಂಟರಿಗೆ ಇದನ್ನು ಬಾಯಿಬಿಟ್ಟು ಕೇಳಿ, ಅವರಿಂದ ಬರೆಸಿಕೊಳ್ಳಿ.

ಫಾರ್ಮಿನ ಉತ್ತರ ಬಂದ ವಾರದಲ್ಲೇ ಒಟ್ಟು ಫಲಿತಾಂಶವನ್ನು ಎಲ್ಲರಿಗೂ ಓದಿ ಹೇಳಿ, ಅದರಿಂದ ಬದಲಿಸುವ ಒಂದು ಸಂಗತಿಯನ್ನೂ ಅಲ್ಲೇ ತಿಳಿಸಿ. ಮೂರು ತಿಂಗಳಿಗೆ ಅದೇ ಐದು ಪ್ರಶ್ನೆ ಮತ್ತೆ ಕಳಿಸಿ.