ಭಾವನ ಬೇಕರಿ ಲೆಕ್ಕ ಕಲಿಸಿದ್ದು

ಬಿ.ಕಾಂ ಮುಗಿಸಿ ಏಳು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಮಷೀನ್ ಲರ್ನಿಂಗ್, ಅಂದರೆ ಹಳೆ ಲೆಕ್ಕ ನೋಡಿ ಮುಂದಿನದು ಊಹಿಸೋಕೆ ಕಂಪ್ಯೂಟರ್‌ಗೆ ಕಲಿಸುವ ವಿದ್ಯೆ, ಕಲಿಯಬೇಕು ಅನ್ನಿಸಿದಾಗ ಆನ್‌ಲೈನ್ ಪಾಠಗಳ ತಾಣ ಕೋರ್ಸೆರಾದಲ್ಲಿ ಆಂಡ್ರ್ಯೂ ಇಂಗ್ ಅನ್ನುವ ಪ್ರೊಫೆಸರ್ ಅವರ ಕೋರ್ಸ್ ಹಿಡಿದೆ. ಪಾಠ ಚೆನ್ನಾಗಿತ್ತು, ಆದರೆ ನನಗೆ ಸ್ಟಾಟಿಸ್ಟಿಕ್ಸ್ ಬರುತ್ತಿರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟು ಎರಡು ತಿಂಗಳು ಖಾನ್ ಅಕಾಡೆಮಿಯಲ್ಲಿ ಸರಾಸರಿ, ಸಂಭವನೀಯತೆ ಅಂತ ಬುಡದಿಂದ ಕಲಿತೆ. ಆಮೇಲೆ ಐಐಟಿಗಳ ಆನ್‌ಲೈನ್ ಕೋರ್ಸ್‌ಗಳ ಎನ್‌ಪಿಟೆಲ್. ಅಲ್ಲಿ ಸರ್ಟಿಫಿಕೇಟ್ ಬೇಕಂದರೆ ವಾರವಾರದ ಅಸೈನ್‌ಮೆಂಟ್ ಕೊಡಬೇಕು, ಪರೀಕ್ಷೆಗೆ ಕೇಂದ್ರಕ್ಕೇ ಹೋಗಿ ಕೂರಬೇಕು. ನನ್ನಂಥವರಿಗೆ ಆ ಗಡುವೇ ದೊಡ್ಡ ಸಹಾಯ.

ಆದರೆ ಕಣ್ಣು ತೆರೆಸಿದ್ದು ಕ್ಯಾಗಲ್ ಅನ್ನುವ ಡೇಟಾ ಸ್ಪರ್ಧೆಗಳ ತಾಣದ ಟೈಟಾನಿಕ್ ಹಡಗಿನ ಡೇಟಾ. ಕಲಿಯಲು ಕೊಟ್ಟ ಪಟ್ಟಿಯಲ್ಲಿ 891 ಪ್ರಯಾಣಿಕರು, ಯಾರು ಬದುಕಿದರು ಅಂತ ಹೇಳಬೇಕು. ಒಂದು ವಾರ ಕೂತು ಮಾಡೆಲ್ (ಊಹಿಸಿ ಹೇಳುವ ಪ್ರೋಗ್ರಾಂ) ಮಾಡಿದೆ, ನೂರಕ್ಕೆ 81 ಸರಿ ಬಂತು. ಖುಷಿಯೋ ಖುಷಿ. ಆಮೇಲೆ ಸುಮ್ನೆ ಎಣಿಸಿ ನೋಡಿದೆ. 314 ಹೆಂಗಸರಲ್ಲಿ 233 ಜನ ಬದುಕಿದ್ದರು, 577 ಗಂಡಸರಲ್ಲಿ 109 ಜನ ಮಾತ್ರ. 'ಹೆಂಗಸರೆಲ್ಲ ಬದುಕಿದರು, ಗಂಡಸರೆಲ್ಲ ಸತ್ತರು' ಅಂದುಬಿಟ್ಟರೂ ನೂರಕ್ಕೆ ಸುಮಾರು 79 ಸರಿ! ನನ್ನ ಒಂದು ವಾರದ ಕೆಲಸ ಸೇರಿಸಿದ್ದು ಎರಡೇ ಎರಡು.

ಆವತ್ತಿನಿಂದ ಮೊದಲು ಸುಲಭದ ಊಹೆ, ಆಮೇಲೆ ಮಾಡೆಲ್.

ಹಾಸನದಲ್ಲಿ ನನ್ನ ಭಾವನ ಬೇಕರಿ ಇದೆ. ದಿನಾ ಎಷ್ಟು ಬನ್ ಖರ್ಚಾಯ್ತು ಅಂತ ಬರೆದಿಡುತ್ತಾರೆ. ಬೆಣ್ಣೆ ಕೈ ತಾಗಿ ಹಾಳೆಗಳೆಲ್ಲ ಜಿಡ್ಡು. ಯಾವ ದಿನ ಎಷ್ಟು ಬನ್ ಖರ್ಚಾಗುತ್ತೆ ಅಂತ ಮೊದಲೇ ಹೇಳೋಣ ಅಂತ ಹದಿನಾಲ್ಕು ತಿಂಗಳ ಲೆಕ್ಕ ಎಕ್ಸೆಲ್‌ಗೆ ಹಾಕಿದೆ. ಕೊನೆಯ ಎರಡು ತಿಂಗಳನ್ನು ಮಾಡೆಲ್‌ಗೆ ತೋರಿಸದೆ, ಅದರ ಪರೀಕ್ಷೆಗೆ ಅಂತ ಮುಚ್ಚಿಟ್ಟೆ. ಹಾಗಲ್ಲದೆ ದಿನಗಳನ್ನು ಕಲಸಿ ಕಲಿಕೆಗೆ ಇಷ್ಟು, ಪರೀಕ್ಷೆಗೆ ಇಷ್ಟು ಅಂತ ಹಂಚಿದರೆ ನಾಳೆಯ ಲೆಕ್ಕ ನೋಡಿಕೊಂಡು ಇವತ್ತಿನದು ಹೇಳಿದ ಹಾಗಾಗುತ್ತೆ, ಅಲ್ವಾ? 'ಕಳೆದ ವಾರ ಇದೇ ದಿನ ಎಷ್ಟೋ, ಇವತ್ತೂ ಅಷ್ಟೇ' ಅನ್ನುವ ಊಹೆ ದಿನಕ್ಕೆ ಸರಾಸರಿ 18 ಬನ್ ತಪ್ಪುತ್ತಿತ್ತು. ನನ್ನ ರಿಗ್ರೆಷನ್ (ಸಂಖ್ಯೆ ಊಹಿಸುವ ಒಂದು ಬಗೆಯ ಮಾಡೆಲ್) 23 ತಪ್ಪಿತು.

ತುಂಬಾ ತಪ್ಪಿದ ತಾರೀಖುಗಳನ್ನು ಬರೆದುಕೊಂಡು ಭಾವನ ಹತ್ತಿರ ಹೋದೆ. ಒಂದು ಸಲ ಕಣ್ಣಾಡಿಸಿ, "ಇವೆಲ್ಲ ಕಾಲೇಜಿಗೆ ರಜಾ ಇದ್ದ ದಿನಗಳೇ ಅಲ್ವೇನಮ್ಮ" ಅಂದರು. ರಜೆಗೆ ಅಂತ ಒಂದು ಕಾಲಂ ಸೇರಿಸಿದೆ. ತಪ್ಪು 13ಕ್ಕೆ ಇಳಿಯಿತು. ಇನ್ನೊಂದು ಮಾತೂ ಅವರೇ ಹೇಳಿದ್ದು: ಕೆಲವು ದಿನ ನಾಲ್ಕು ಗಂಟೆಗೇ ಬನ್ ಖಾಲಿ. ಆಮೇಲೆ ಬಂದವರು ವಾಪಸ್ ಹೋಗಿದ್ದು ಯಾವ ಲೆಕ್ಕದಲ್ಲೂ ಇಲ್ಲ.

ಈಗ ಭಾವ ಪುಸ್ತಕದಲ್ಲಿ ಎರಡು ಗೆರೆ ಜಾಸ್ತಿ ಎಳೆದಿದ್ದಾರೆ. ಒಂದು, ಕಾಲೇಜು ಇತ್ತೋ ಇಲ್ಲವೋ. ಇನ್ನೊಂದು, ಬನ್ ಎಷ್ಟು ಗಂಟೆಗೆ ಖಾಲಿ ಆಯ್ತು.